ಅಮ್ಮನ ಕಾಲು ಯಾಕೆ ಊದಿತು?

ಅಕ್ಕ ತಂಗಿಯರೇ, ನಮ್ಮ ಮನೆಗಳಲ್ಲಿ ವಯಸ್ಸಾದವರು ಇದ್ದಾರೆ. ಅಮ್ಮ, ಅಪ್ಪ, ಅತ್ತೆ, ಮಾವ ಇದ್ದಾರೆ. ಅವರಲ್ಲಿ ಕೆಲವರಿಗೆ ಹೃದಯದ ಕಾಯಿಲೆ ಇರುತ್ತದೆ. ಡಾಕ್ಟರು ಮಾತ್ರೆ ಕೊಟ್ಟಿರುತ್ತಾರೆ. ಆದರೂ ಒಂದೊಂದು ಸಲ ಹೊಸ ತೊಂದರೆ ಕಾಣುತ್ತದೆ. ಕಾಲು ಊದುತ್ತದೆ. ರಾತ್ರಿ ಕೆಮ್ಮು ಬರುತ್ತದೆ. ಊಟ ಸೇರುವುದಿಲ್ಲ. "ವಯಸ್ಸಾಯ್ತಲ್ಲ, ಇನ್ನೇನು" ಅಂತ ನಾವು ಸುಮ್ಮನಾಗುತ್ತೇವೆ. ಹಾಗೆ ಸುಮ್ಮನಾಗಬಾರದು. ಯಾಕೆ ಎಂದು ತಿಳಿಯೋಣ.

ಹೃದಯದ ಕೆಲಸ ಏನು?

ಹೃದಯ ನಮ್ಮ ಮುಷ್ಟಿಯಷ್ಟು ದೊಡ್ಡದು. ಅದು ಒಂದು ಪಂಪು ಇದ್ದ ಹಾಗೆ. ನಿಮಿಷಕ್ಕೆ ಸುಮಾರು 70 ಸಲ ಬಡಿಯುತ್ತದೆ. ಒಂದು ದಿನಕ್ಕೆ ಸುಮಾರು 1 ಲಕ್ಷ ಸಲ. ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಮೈಗೆಲ್ಲ ಹರಿಸುತ್ತದೆ.

ಕೆಲವರಿಗೆ ಈ ಪಂಪಿನ ಬಲ ಕಡಿಮೆಯಾಗುತ್ತದೆ. ಬಹಳ ವರ್ಷ ಬಿ.ಪಿ. ಇದ್ದರೆ ಹೀಗಾಗಬಹುದು. ಹಿಂದೆ ಹೃದಯಾಘಾತ ಆಗಿದ್ದರೆ ಆಗಬಹುದು. ಸಕ್ಕರೆ ಕಾಯಿಲೆಯಿಂದಲೂ ಆಗಬಹುದು. ಇದಕ್ಕೆ ಡಾಕ್ಟರು 'ಹೃದಯ ವೈಫಲ್ಯ' ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ. ಹೃದಯ ನಿಂತುಹೋಯಿತು ಅಂತಲ್ಲ. ಅದಕ್ಕೆ ಸುಸ್ತಾಗಿದೆ ಅಂತ ಅರ್ಥ.

ನೀರು ಎಲ್ಲಿ ನಿಲ್ಲುತ್ತದೆ?

ಕಾಲುವೆಯ ನೀರು ಮುಂದೆ ಹರಿಯದಿದ್ದರೆ ಏನಾಗುತ್ತದೆ? ಹಿಂದೆ ನಿಲ್ಲುತ್ತದೆ. ಮೈಯಲ್ಲೂ ಹಾಗೆಯೇ. ಮೂತ್ರಪಿಂಡಕ್ಕೆ ರಕ್ತ ಸಾಲದೆ ಹೋದರೆ ಅದು ಉಪ್ಪು ನೀರನ್ನು ಹೊರಗೆ ಬಿಡುವುದಿಲ್ಲ. ಆಗ ನೀರು ಇನ್ನೂ ಹೆಚ್ಚುತ್ತದೆ.

ನೀರು ಕಾಲಿಗೆ ಇಳಿದರೆ ಪಾದ ಊದುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ. ಚಪ್ಪಲಿ, ಕಾಲುಂಗುರ ಬಿಗಿಯಾಗುತ್ತವೆ.

ನೀರು ಶ್ವಾಸಕೋಶಕ್ಕೆ ಬಂದರೆ ಉಸಿರು ಕಟ್ಟುತ್ತದೆ. ಮಲಗಿದಾಗ ಕಾಲಿನ ನೀರೂ ಎದೆಯ ಕಡೆ ಬರುತ್ತದೆ. ಅದಕ್ಕೇ ರಾತ್ರಿ ಕೆಮ್ಮು ಜಾಸ್ತಿ. ಕೆಲವರು ಎರಡು ಮೂರು ದಿಂಬು ಕೇಳುತ್ತಾರೆ. ಕೆಲವರು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಾರೆ.

ಹೊಟ್ಟೆಯಲ್ಲಿ ನೀರು ನಿಂತರೆ ಎರಡು ತುತ್ತಿಗೇ ಸಾಕು ಎನ್ನಿಸುತ್ತದೆ. ಮಿದುಳಿಗೆ ರಕ್ತ ಸಾಲದಿದ್ದರೆ ಮಾತು ಗಲಿಬಿಲಿಯಾಗುತ್ತದೆ. ಬಚ್ಚಲಿಗೆ ಹೋಗಿ ಬಂದರೂ ಸುಸ್ತು. ಬೇರೆ ಬೇರೆ ತೊಂದರೆ ಅಂತ ನಮಗೆ ಕಾಣುತ್ತದೆ. ಆದರೆ ಬೇರು ಒಂದೇ ಇರಬಹುದು.

ವಯಸ್ಸಾದವರು ಇದನ್ನೆಲ್ಲ ಹೇಳುವುದಿಲ್ಲ. "ಮಕ್ಕಳಿಗೆ ಯಾಕೆ ತೊಂದರೆ, ಡಾಕ್ಟರ ಖರ್ಚು ಯಾಕೆ" ಅಂತ ನುಂಗಿಕೊಳ್ಳುತ್ತಾರೆ. ನಾವೇ ಕೇಳಬೇಕು. "ಅಮ್ಮ, ರಾತ್ರಿ ಮಲಗೋಕೆ ಆಯ್ತಾ? ಎಷ್ಟು ದಿಂಬು ಇಟ್ಕೊಂಡ್ರಿ?" ಹೀಗೆ ಕೇಳಿದರೆ ನಿಜ ಗೊತ್ತಾಗುತ್ತದೆ.

ಇದ್ದಕ್ಕಿದ್ದಂತೆ ಯಾಕೆ ಜಾಸ್ತಿ ಆಯಿತು?

ಮೊದಲು ಉಪ್ಪು ನೋಡಿ. ಉಪ್ಪು ನೀರನ್ನು ಹಿಡಿದಿಡುತ್ತದೆ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಇರಬೇಕು. ಅಂದರೆ ಒಂದು ಟೀ ಚಮಚದಷ್ಟು. ಸಾರಿನ ಉಪ್ಪು ಮಾತ್ರ ಲೆಕ್ಕವಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ, ಒಣಮೀನು ಎಲ್ಲದರಲ್ಲೂ ಉಪ್ಪು ಇದೆ.

ಎರಡನೆಯದು ಬಿಟ್ಟ ಮಾತ್ರೆ. ನೀರಿನ ಮಾತ್ರೆ ತಗೊಂಡರೆ ಮೂತ್ರ ಜಾಸ್ತಿ ಬರುತ್ತದೆ. ಮದುವೆಗೆ, ಜಾತ್ರೆಗೆ ಹೋಗುವ ದಿನ ಅದನ್ನು ಬಿಟ್ಟುಬಿಡುತ್ತಾರೆ. ಬಸ್ಸಿನಲ್ಲಿ ಹೆಣ್ಣುಮಕ್ಕಳ ಕಷ್ಟ ನಮಗೆ ಗೊತ್ತೇ ಇದೆ. ಆದರೂ ಮಾತ್ರೆ ಬಿಡಬಾರದು. ಯಾವ ಹೊತ್ತಿಗೆ ತಗೋಬಹುದು ಎಂದು ಡಾಕ್ಟರನ್ನು ಕೇಳಬೇಕು.

ಮೂರನೆಯದು ಮಂಡಿ ನೋವಿನ ಮಾತ್ರೆ. ಅಂಗಡಿಯಿಂದ ತಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಮೈಯಲ್ಲಿ ನೀರು ನಿಲ್ಲಿಸುತ್ತವೆ. ನೋವು ಹೋಗಲಿ ಅಂತ ಕೊಟ್ಟದ್ದು ಹೃದಯಕ್ಕೆ ಭಾರವಾಗುತ್ತದೆ. ಡಾಕ್ಟರನ್ನು ಕೇಳದೆ ಕೊಡಬೇಡಿ.

ಜ್ವರ, ಎದೆಯ ಸೋಂಕು ಬಂದರೂ ತೊಂದರೆ ಹೆಚ್ಚುತ್ತದೆ.

ಔಷಧಿಯಿಂದಲೂ ಕೆಲವು ತೊಂದರೆ ಬರುತ್ತವೆ. ಎದ್ದು ನಿಂತಾಗ ತಲೆ ಸುತ್ತಬಹುದು. ಕೆಲವು ಮಾತ್ರೆಯಿಂದ ಒಣ ಕೆಮ್ಮು ಬರಬಹುದು. ಹಾಗಂತ ನಾವೇ ಮಾತ್ರೆ ನಿಲ್ಲಿಸಬಾರದು. ಮಾತ್ರೆಯ ಚೀಟಿ ತಗೊಂಡು ಹೋಗಿ ತೋರಿಸಬೇಕು.

ಕಾಲು ಊದಿದ್ದಕ್ಕೆಲ್ಲ ಹೃದಯವೇ ಕಾರಣವೂ ಅಲ್ಲ. ರಕ್ತಹೀನತೆ, ಮೂತ್ರಪಿಂಡದ ಕಾಯಿಲೆಯಿಂದಲೂ ಊದುತ್ತದೆ. ಒಂದೇ ಕಾಲು ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅದಕ್ಕೆ ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು.

ಕಾಯಬಾರದ ಹೊತ್ತು

ಕೂತರೂ ಉಸಿರಾಡಲು ಆಗುತ್ತಿಲ್ಲ. ಎದೆ ನೋಯುತ್ತಿದೆ. ತುಟಿ ನೀಲಿಯಾಗಿದೆ. ಕೆಮ್ಮಿದರೆ ಕೆಂಪು ನೊರೆ ಬರುತ್ತಿದೆ. ಎಚ್ಚರ ತಪ್ಪಿದೆ. ಮಾತು ಇದ್ದಕ್ಕಿದ್ದಂತೆ ತೊದಲುತ್ತಿದೆ. ಇದರಲ್ಲಿ ಯಾವ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಉಸಿರು ಕಟ್ಟಿದವರನ್ನು ಅಡ್ಡ ಮಲಗಿಸಬೇಡಿ. ಒರಗಿಸಿ ಕೂರಿಸಿ. ಮಾತ್ರೆಗಳ ಚೀಲ ಜೊತೆಗೆ ಒಯ್ಯಿರಿ.

ನಮ್ಮ ಅಕ್ಷರ ನಮ್ಮ ಸಹಾಯಕ್ಕೆ

ಈಗ ನಮಗೆ ಅಂಕಿ ಬರುತ್ತದೆ. ಅಕ್ಷರ ಬರುತ್ತದೆ. ಒಂದು ನೋಟ್ ಪುಸ್ತಕ ತಗೊಳ್ಳೋಣ. ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮೊದಲು ಅಮ್ಮನ ತೂಕ ನೋಡೋಣ. ಹೀಗೆ ಬರೆಯೋಣ:

ಸೋಮವಾರ, 52 ಕಿಲೋ. ಕಾಲು ಸರಿ ಇದೆ.
ಮಂಗಳವಾರ, 53 ಕಿಲೋ. ಚಪ್ಪಲಿ ಬಿಗಿ.
ಬುಧವಾರ, 54 ಕಿಲೋ. ರಾತ್ರಿ ಕೆಮ್ಮು.

ಊಟ ಕಡಿಮೆ, ತೂಕ ಮಾತ್ರ ಜಾಸ್ತಿ. ಇದು ಹೇಗೆ? ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಏರಿದ್ದು ಮೈ ಅಲ್ಲ, ನೀರು. ಎರಡು ಮೂರು ದಿನದಲ್ಲಿ 2 ಕಿಲೋ ಏರಿದರೆ ತಡಮಾಡದೆ ಡಾಕ್ಟರಿಗೆ ತಿಳಿಸಬೇಕು. ಮನೆಯಲ್ಲಿ ತೂಕದ ಯಂತ್ರ ಇಲ್ಲವೇ? ಕಾಲು, ಚಪ್ಪಲಿ, ದಿಂಬು ನೋಡಿ ಬರೆಯಿರಿ. ಆಶಾ ಕಾರ್ಯಕರ್ತೆಗೆ ಪುಸ್ತಕ ತೋರಿಸಿ. ದಿನಕ್ಕೆ ಎಷ್ಟು ನೀರು ಕುಡಿಯಬಹುದು ಎಂದು ಡಾಕ್ಟರನ್ನೇ ಕೇಳಿ, ಅದನ್ನೂ ಬರೆದಿಡಿ.

ಆಸ್ಪತ್ರೆಯಲ್ಲಿ ಡಾಕ್ಟರ ಮುಂದೆ ಗಾಬರಿಯಾಗಿ ನಾವು ಅರ್ಧ ಮಾತು ಮರೆಯುತ್ತೇವೆ. ಬರೆದ ಪುಸ್ತಕ ಮರೆಯುವುದಿಲ್ಲ.

ಯೋಚಿಸಿ, ಬರೆಯಿರಿ

1. ನಿಮ್ಮ ಮನೆಯ ಹಿರಿಯರು ದಿನಕ್ಕೆ ಎಷ್ಟು ಮಾತ್ರೆ ತಗೊಳ್ಳುತ್ತಾರೆ? ಹೆಸರು ಓದಿ ಬರೆಯಿರಿ.
2. ನಿನ್ನೆ ಅವರ ತಟ್ಟೆಯಲ್ಲಿ ಉಪ್ಪು ಇದ್ದ ಪದಾರ್ಥ ಯಾವುವು?
3. ಇವತ್ತು ರಾತ್ರಿ ಅವರನ್ನು ಏನು ಕೇಳುತ್ತೀರಿ?