ಮಾದರಿ ರೈಲಿನ ಎಂಜಿನ್ನೂ ಅದರ ಮೋಟಾರೂ

ಮಾದರಿ ರೈಲೆಂದರೆ ಬರಿಯ ಮಕ್ಕಳಾಟವೆಂದು ನಗುವ ಮಿತ್ರರು ನಮ್ಮ ಕಾಲೇಜಿನಲ್ಲಿ ಅನೇಕರಿದ್ದಾರೆ. ನಗಲಿ. ಒಂದು ಒಳ್ಳೆಯ ಎಂಜಿನ್ನಿನ ಬೆಲೆ ಕೇಳಿದೊಡನೆ ಆ ನಗೆ ನಿಂತುಹೋಗುವುದನ್ನೂ ನಾನು ಕಂಡಿದ್ದೇನೆ. ಅಷ್ಟು ಹಣ ತೆರುವವನು ಬಣ್ಣಕ್ಕೂ ಹೊಗೆಕೊಳವೆಯ ಅಂದಕ್ಕೂ ಮರುಳಾಗದೆ, ಒಳಗಿರುವ ಮೋಟಾರು ಯಾವ ಜಾತಿಯದೆಂದು ಮೊದಲು ವಿಚಾರಿಸಬೇಕೆಂಬುದು ನನ್ನ ಅಭಿಪ್ರಾಯ.

ವೇಗವಾಗಿ ಓಡುವುದೇನೂ ಹೆಚ್ಚಲ್ಲ. ಎಂತಹ ಅಗ್ಗದ ಮೋಟಾರೂ ಓಡಿಸುತ್ತದೆ. ನಿಜವಾದ ರೈಲು ನಿಲ್ದಾಣವನ್ನು ಬಿಡುವಂತೆ ಮೆಲ್ಲಮೆಲ್ಲನೆ ಸರಿಯುವುದೇ ಕಷ್ಟ. ಸಾಧಾರಣ ಮೋಟಾರಿನಲ್ಲಿ ಅಯಸ್ಕಾಂತದ ನಡುವೆ ತಂತಿ ಸುತ್ತಿದ ಮೂರು ಕಬ್ಬಿಣದ ತೋಳುಗಳು ತಿರುಗುತ್ತವೆ. ಒಂದೊಂದು ತೋಳೂ ಅಯಸ್ಕಾಂತದೆದುರಿಗೆ ಬಂದಾಗ ಅಲ್ಲಿಯೇ ನಿಲ್ಲಬಯಸುತ್ತದೆ. ವಿದ್ಯುತ್ತು ಕಡಮೆಯಿದ್ದರೆ ಎಂಜಿನ್ನು ತಡೆತಡೆದು ಎಗರುವುದು ಇದರಿಂದಲೇ. ತೋಳುಗಳು ಐದಾದರೆ ಈ ಎಳೆತ ಹಂಚಿಹೋಗುತ್ತದೆ. ಅವು ಸ್ವಲ್ಪ ಓರೆಯಾಗಿದ್ದರೆ ಇನ್ನೂ ನಯ. ಜೊತೆಗೆ ಶಾಫ್ಟಿನ ಮೇಲೆ ಭಾರವಾದ ಫ್ಲೈವೀಲ್ ಇದ್ದರೆ, ಹಳಿಯ ಧೂಳಿನಿಂದ ವಿದ್ಯುತ್ತು ಕ್ಷಣಕಾಲ ತಪ್ಪಿದರೂ ಎಂಜಿನ್ನು ಮುಗ್ಗರಿಸದು. ನನ್ನ ಮತ ಇದಕ್ಕೇ.

ಕಬ್ಬಿಣದ ತಿರುಳೇ ಇಲ್ಲದೆ ಬರಿಯ ತಂತಿಯ ಬುಟ್ಟಿ ತಿರುಗುವ ಕೋರ್‌ಲೆಸ್ ಮೋಟಾರುಗಳೂ ಇವೆ. ಅವುಗಳಲ್ಲಿ ಈ ತಡೆಯೇ ಇಲ್ಲ. ಪುಟ್ಟ ಎಂಜಿನ್ನಿನ ಹೊಟ್ಟೆಯಲ್ಲಿಯೂ ಹಿಡಿಸುತ್ತವೆ. ಆದರೆ ವಿದ್ಯುತ್ತನ್ನು ನಿಧಾನವಾದ ತುಡಿತಗಳಾಗಿ ಕಳುಹಿಸುವ ಹಳೆಯ ಕಂಟ್ರೋಲರಿಗೆ ಜೋಡಿಸಿದರೆ ಕಾದು ಸುಟ್ಟುಹೋಗಬಹುದು.

ಇನ್ನು ಹಳೆಯದನ್ನು ಕೊಳ್ಳುವವರ ಮಾತು. ಇಂಗ್ಲೆಂಡಿನ ಟ್ರೈ-ಆಂಗ್ ಕಂಪೆನಿ 1950–60ರ ದಶಕಗಳಲ್ಲಿ ಬಳಸಿದ ಎಕ್ಸ್04 ಮೋಟಾರು ಮೂರು ತೋಳಿನದೇ. ಆದರೂ ಅದರ ಮೇಲೆ ನನಗೆ ಅಭಿಮಾನ. ಎಲ್ಲವೂ ಬಯಲಿಗಿರುವುದರಿಂದ ಸವೆದ ಬ್ರಷ್ಷನ್ನು ಬದಲಾಯಿಸಬಹುದು, ಎಣ್ಣೆ ಹನಿಸಬಹುದು. ಡಬ್ಬಿಯಂತೆ ಮುಚ್ಚಿದ ಮೋಟಾರು ಕೆಟ್ಟರೆ ಸಾಮಾನ್ಯವಾಗಿ ಇಡಿಯಾಗಿಯೇ ಬದಲಾಯಿಸಬೇಕು. ಜರ್ಮನಿಯ ಮರ್ಕ್ಲಿನ್ ಕಂಪೆನಿಯ ಹಳೆಯ ಎಂಜಿನ್ನುಗಳದು ಬೇರೆಯೇ ಕುಲ: ಅಯಸ್ಕಾಂತಕ್ಕೆ ಬದಲಾಗಿ ತಂತಿಯ ಸುರುಳಿ, ಡಿ.ಸಿ.ಗೆ ಬದಲಾಗಿ ಎ.ಸಿ. ವಿದ್ಯುತ್ತು. ಅವುಗಳ ಎಡಬಲದ ಗಾಲಿಗಳನ್ನು ವಿದ್ಯುತ್ತು ಹಾಯದಂತೆ ಬೇರ್ಪಡಿಸಿಲ್ಲ. 12 ವೋಲ್ಟಿನ ಎರಡು ಹಳಿಯ ದಾರಿಯಲ್ಲಿಟ್ಟರೆ ಕೂಡಲೆ ಶಾರ್ಟ್ ಆಗುತ್ತದೆ.

ಅಂಗಡಿಯಲ್ಲಿ ಕಂಟ್ರೋಲರನ್ನು ತೀರ ಕೆಳಗಿಟ್ಟು, ಗಾಲಿ ಒಂದು ಸುತ್ತನ್ನು ಎಲ್ಲಿಯೂ ನಿಲ್ಲದೆ ಮುಗಿಸುವುದೇ ನೋಡಿ. ಬೆರಳಿನಿಂದ ಮಾತ್ರ ತಿರುಗಿಸಬೇಡಿ. ಬಹುಮಟ್ಟಿನ ಎಂಜಿನ್ನುಗಳಲ್ಲಿ ಸ್ಕ್ರೂವಿನಂತಹ ವರ್ಮ್ ಗಿಯರು ಗಾಲಿಯನ್ನು ತಿರುಗಿಸಬಲ್ಲದು, ಗಾಲಿ ಅದನ್ನು ತಿರುಗಿಸಲಾರದು. ಒತ್ತಾಯ ಮಾಡಿದರೆ ಹಲ್ಲು ಮುರಿದೀತು, ಅಂಗಡಿಯವನು ಹಣ ಕೇಳಿಯಾನು.