ಪುರಾಭಿವೃದ್ಧಿಯ ವೆಚ್ಚವೂ ಪುರಜನರ ಸಮ್ಮತಿಯೂ

ಬೆಂಗಳೂರಿನ ಬೀದಿಗಳಲ್ಲಿ ವಾಹನಗಳ ಸಂದಣಿಯು ಸಹಿಸಲಸಾಧ್ಯವಾಗಿದೆಯೆಂಬ ವಿಷಯದಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ. ಕಚೇರಿಗೆ ಹೊರಟ ನೌಕರನೂ, ಅಂಗಡಿಗೆ ಸರಕು ತರಿಸುವ ವರ್ತಕನೂ, ಆಸ್ಪತ್ರೆಗೆ ಸಾಗುವ ರೋಗಿಯೂ ಇದರ ಕಷ್ಟವನ್ನು ದಿನವೂ ಅನುಭವಿಸುತ್ತಿದ್ದಾರೆ. ಪರಿಹಾರವನ್ನು ಹುಡುಕುವುದು ಸರ್ಕಾರದವರ ಧರ್ಮವೇ ಸರಿ. ಆದರೆ ಪರಿಹಾರದ ಹೆಸರಿನಲ್ಲಿ ಸಾವಿರಾರು ಕೋಟಿ ರೂಪಾಯಿಗಳನ್ನು ವ್ಯಯಮಾಡಲು ಹೊರಟಾಗ, ಆ ಹಣವನ್ನು ತೆರತಕ್ಕ ಪುರಜನರನ್ನು ಯಾರು, ಎಲ್ಲಿ, ಯಾವಾಗ ಕೇಳಿದರು? ಇದೇ ನಮ್ಮ ಪ್ರಶ್ನೆ.

2016ರಲ್ಲಿ ನಡೆದ ಸಂಗತಿಯನ್ನು ವಾಚಕರು ಮರೆತಿರಲಾರರು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲುಸೇತುವೆಯನ್ನು ಕಟ್ಟಿಸಬೇಕೆಂದು ಆಗಿನ ಸರ್ಕಾರದವರು ನಿಶ್ಚಯಿಸಿದರು. ವೆಚ್ಚದ ಅಂದಾಜು 1,791 ಕೋಟಿ ರೂಪಾಯಿಗಳು. ಕಡಿಯಬೇಕೆಂದು ಎಣಿಸಿದ ಮರಗಳು 812. ವಿಮಾನ ನಿಲ್ದಾಣದ ಹಾದಿ ಸುಗಮವಾಗುವುದೆಂಬುದು ಸರ್ಕಾರದವರ ವಾದ. ಅಕ್ಟೋಬರ್ 16ರ ಭಾನುವಾರ ಸಹಸ್ರಾರು ಜನರು ಆ ಹಾದಿಯುದ್ದಕ್ಕೂ ಕೈಕೈ ಹಿಡಿದು ನಿಂತು ತಮ್ಮ ಅಸಮ್ಮತಿಯನ್ನು ತೋರಿಸಿದರು. ಅದೇ ತಿಂಗಳಿನಲ್ಲಿ ಹಸಿರು ನ್ಯಾಯಾಧಿಕರಣದವರು ಕೆಲಸಕ್ಕೆ ತಡೆ ಕೊಟ್ಟರು. 2017ರ ಮಾರ್ಚಿಯಲ್ಲಿ ಸರ್ಕಾರದವರು ಯೋಜನೆಯನ್ನೇ ಕೈಬಿಟ್ಟರು.

ಇದನ್ನು ಪ್ರಜೆಗಳ ಜಯವೆಂದು ಅನೇಕರು ಕೊಂಡಾಡಿದರು. ಮರಗಳು ಉಳಿದುದಕ್ಕೆ ನಾವೂ ಸಂತೋಷಪಟ್ಟೆವು. ಆದರೆ ಸೇತುವೆಯೂ ಬರಲಿಲ್ಲ, ಸಂದಣಿಯೂ ತಗ್ಗಲಿಲ್ಲ. ಸಭೆಯಲ್ಲಿ ಕುಳಿತು ತೀರ್ಮಾನಿಸಬಹುದಾಗಿದ್ದ ವಿಷಯವನ್ನು ಬೀದಿಯಲ್ಲಿ ನಿಂತು ತೀರ್ಮಾನಿಸಬೇಕಾಯಿತೆಂಬುದು ಸರ್ಕಾರಕ್ಕಾಗಲಿ, ನಗರಕ್ಕಾಗಲಿ ಹೆಮ್ಮೆಯ ಮಾತಲ್ಲ.

ಆ ಪಾಠವನ್ನು ಕಲಿತೆವೆ? 2025ರಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ಸುಮಾರು 17 ಕಿಲೋಮೀಟರ್ ಉದ್ದದ ಸುರಂಗ ರಸ್ತೆಯ ವಿಚಾರವಾಗಿ ಅದೇ ಬಗೆಯ ವಿವಾದವೆದ್ದಿತು. ಇದರ ಅಂದಾಜು 17,000 ಕೋಟಿ ರೂಪಾಯಿಗಳಿಗೂ ಮೇಲ್ಪಟ್ಟುದು. ಹೈದರಾಲಿಯ ಕಾಲದ ಲಾಲ್‌ಬಾಗಿನ ನೆಲಕ್ಕೂ ಅಲ್ಲಿಯ ಪುರಾತನ ಬಂಡೆಗೂ ಅಪಾಯವಾದೀತೆಂದು ಜನರು ಕಳವಳಗೊಂಡರು. ಇತ್ತ, 2020ರಲ್ಲಿ ಕೇಂದ್ರ ಸರ್ಕಾರದವರ ಮಂಜೂರಾತಿ ಪಡೆದ ಉಪನಗರ ರೈಲು ಯೋಜನೆಯ ಉದ್ದ 148 ಕಿಲೋಮೀಟರ್; ಆಗಿನ ಅಂದಾಜು 15,767 ಕೋಟಿ. ನೆಲದೊಳಗೆ ಕೊರೆಯುವ ಕೆಲಸಕ್ಕೂ ನೆಲದ ಮೇಲೆ ಹಳಿ ಹಾಸುವ ಕೆಲಸಕ್ಕೂ ವೆಚ್ಚದಲ್ಲಿ ಅಂತರವಿರುವುದು ಸಹಜ. ವರ್ಷಗಳು ಕಳೆದಂತೆ ಅಂದಾಜು ಏರುವುದೂ ಸಹಜವೇ. ಆದರೂ ಸುಂಕ ತೆತ್ತು ಸ್ವಂತ ಕಾರಿನಲ್ಲಿ ಸುರಂಗವನ್ನು ಹಾಯುವವರೆಷ್ಟು, ಟಿಕೀಟು ಕೊಂಡು ರೈಲನ್ನು ಹತ್ತುವವರೆಷ್ಟು ಎಂಬ ಲೆಕ್ಕವನ್ನು ಒಂದೇ ಹಾಳೆಯ ಮೇಲೆ ಎದುರುಬದುರಾಗಿ ಬರೆದು ಮಹಾಜನರ ಮುಂದಿಡಬೇಡವೆ?

ಅಧಿಕಾರಿಗಳಲ್ಲಿ ನಮ್ಮ ಮಿತ್ರರು ಕೆಲವರು ಇದಕ್ಕೆ ಹೇಳುವ ಸಮಾಧಾನವುಂಟು: ಇಂಜಿನಿಯರುಗಳ ಕೆಲಸವನ್ನು ಜನಜಂಗುಳಿಯ ಮುಂದಿಟ್ಟರೆ ಯಾವ ಕೆಲಸವೂ ಸಾಗದು, 1898ರಲ್ಲಿ ಪ್ಲೇಗು ಬಂದಾಗ ಬಸವನಗುಡಿ, ಮಲ್ಲೇಶ್ವರಗಳ ಬಡಾವಣೆಗಳು ಬೆಳೆದುದು ಮತ ಎಣಿಸಿದ್ದರಿಂದಲ್ಲ, ಆಳುವವರ ದೂರದೃಷ್ಟಿಯಿಂದ. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಸೇತುವೆಯ ಕಂಬಕ್ಕೆ ಎಷ್ಟು ಉಕ್ಕು ಬೇಕೆಂಬುದನ್ನು ಇಂಜಿನಿಯರೇ ಹೇಳತಕ್ಕದ್ದು. ಆದರೆ ಇರುವ ಹಣದಲ್ಲಿ ಮೊದಲು ಆಗಬೇಕಾದುದು ಸೇತುವೆಯೋ, ಚರಂಡಿಯೋ, ಕಾಲುದಾರಿಯೋ ಎಂಬುದನ್ನು ಮನೆಗಂದಾಯ ಕಟ್ಟುವವನು ಹೇಳತಕ್ಕದ್ದು. ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ವಿವೇಕಕ್ಕೆ ಮೊದಲು ಹಾಸಿಗೆಯ ಅಳತೆ ತಿಳಿದಿರಬೇಕಷ್ಟೆ.

ಹಳೆಯ ಮೈಸೂರಿನ ದೃಷ್ಟಾಂತವನ್ನು ಕೊಡುವವರು ಅದನ್ನು ಪೂರ್ತಿಯಾಗಿ ಕೊಡಲಿ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದು, ಸಂಸ್ಥಾನದ ಆಡಳಿತದ ವೃತ್ತಾಂತವನ್ನು ಅದರ ಮುಂದಿರಿಸಿದರು. ಆ ಸಭೆಗೆ ಅಧಿಕಾರವಿರಲಿಲ್ಲ, ನಿಜ. ಆದರೂ ಕೈಗೊಂಡ ಕೆಲಸಗಳ ವಿವರವನ್ನು ಪ್ರಜೆಗಳಿಗೆ ಒಪ್ಪಿಸುವುದು ತನ್ನ ಘನತೆಗೆ ಕುಂದೆಂದು ಅರಸೊತ್ತಿಗೆಯೇ ಭಾವಿಸಲಿಲ್ಲ. ಪ್ರಜಾರಾಜ್ಯವು ಅದಕ್ಕಿಂತ ಕಡಮೆ ಮಾಡಬಹುದೆ?

ಕಾನೂನಿನ ಕೊರತೆಯೇನೂ ಇಲ್ಲ. 1992ರಲ್ಲಿ ಅಂಗೀಕೃತವಾಗಿ 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಪೌರಸಭೆಗಳನ್ನೂ ವಾರ್ಡು ಸಮಿತಿಗಳನ್ನೂ ವಿಧಿಸಿದೆ. ಮಹಾನಗರ ಯೋಜನಾ ಸಮಿತಿಯ ಸದಸ್ಯರಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಮೆಯಿಲ್ಲದಷ್ಟು ಜನರನ್ನು ಪೌರಸಭೆ, ಪಂಚಾಯಿತಿಗಳ ಪ್ರತಿನಿಧಿಗಳೇ ಆರಿಸಬೇಕೆಂದೂ ಅದು ಹೇಳಿದೆ. ಆದರೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸಭೆಯ ಅವಧಿಯು 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ, 2025ರ ಸೆಪ್ಟೆಂಬರಿನಲ್ಲಿ ಅದನ್ನು ಐದು ಪಾಲಿಕೆಗಳಾಗಿ ವಿಂಗಡಿಸುವವರೆಗೂ, ಅಂದರೆ ಐದು ವರ್ಷಗಳ ಕಾಲ, ಚುನಾವಣೆಯೇ ನಡೆಯಲಿಲ್ಲ. ನಗರವನ್ನು ನೋಡಿಕೊಂಡವರು ಆಡಳಿತಾಧಿಕಾರಿಗಳು. ಸುರಂಗದ ಯೋಜನೆ ಸಿದ್ಧವಾದುದು ಈ ಅವಧಿಯಲ್ಲಿಯೇ. ಯಜಮಾನನು ಮನೆಯಲ್ಲಿಲ್ಲದಾಗ ಮನೆಯನ್ನು ಅಡವಿಡುವ ಪತ್ರ ಬರೆದಂತಾಯಿತಲ್ಲವೆ?

ಆದಕಾರಣ ನಾವು ಬೇಡುವುದು ಇಷ್ಟು. ನೂರು ಕೋಟಿಗೆ ಮೀರಿದ ಯಾವ ನಗರಕಾರ್ಯಕ್ಕೇ ಆಗಲಿ, ಟೆಂಡರು ಕರೆಯುವುದಕ್ಕೆ ಮುನ್ನ ಅದರ ಅಂದಾಜು, ಸಾಲದ ಹೊರೆ, ವರ್ಷಾವಧಿ ದುರಸ್ತಿಯ ಖರ್ಚು, ಅದೇ ಹಣದಲ್ಲಿ ಆಗಬಹುದಾದ ಬೇರೆ ಕೆಲಸಗಳ ಪಟ್ಟಿ, ಇವು ತಿಳಿಗನ್ನಡದಲ್ಲಿ ಪ್ರತಿ ವಾರ್ಡಿನಲ್ಲಿಯೂ ಪ್ರಕಟವಾಗಬೇಕು. ವಾರ್ಡು ಸಮಿತಿಗಳಲ್ಲಿ ಚರ್ಚೆಯಾಗಬೇಕು. ಕಡೆಗೆ ಚುನಾಯಿತ ಸಭೆಯಲ್ಲಿ, ಯಾರು ಪರ ಯಾರು ವಿರೋಧವೆಂದು ದಾಖಲಾಗುವಂತೆ, ಮತಗಣನೆಯಾಗಬೇಕು. ಇದಕ್ಕೆ ಹಿಡಿಯುವುದು ಕೆಲವು ತಿಂಗಳು. ಉಕ್ಕಿನ ಸೇತುವೆಯ ವಿವಾದದಲ್ಲಿಯೂ ತಿಂಗಳುಗಳೇ ಕಳೆದುವು; ಕೊನೆಗೆ ನಗರಕ್ಕೆ ದಕ್ಕಿದುದು ಏನೂ ಇಲ್ಲ.

ಪುರಜನರಿಗೂ ಒಂದು ಮಾತು. ಮರ ಉರುಳುವ ದಿನ ಕೈಹಿಡಿದು ನಿಲ್ಲುವುದು ಧೈರ್ಯದ ಕೆಲಸ. ಆದರೆ ವಾರ್ಡಿನ ಸಭೆಗೆ ತಿಂಗಳಿಗೊಮ್ಮೆ ಹೋಗಿ ಲೆಕ್ಕದ ಹಾಳೆಯನ್ನು ಓದಿ ಪ್ರಶ್ನಿಸುವುದು ಅದಕ್ಕಿಂತ ಬೇಸರದ, ಅದಕ್ಕಿಂತ ಫಲಕಾರಿಯಾದ ಕೆಲಸ. ಕೊಡುವವರು ಲೆಕ್ಕ ಕೊಡಲಿ. ಕೇಳುವವರು ಕುಳಿತು ಕೇಳಲಿ. ನಗರವನ್ನು ಕಟ್ಟುವ ಕೆಲಸ ಅಲ್ಲಿಂದ ಮೊದಲಾಗಲಿ.