ಜರತಾರಿಯ ಮರುಪಯಣ: ಸೋನಾರ್‌ಪುರ ಮತ್ತು ಕನ್ನಡ ನಾಡಿನ ರೇಷ್ಮೆ

ವಾರಾಣಸಿಯ ಗೊದೌಲಿಯಾದಿಂದ ಅಸ್ಸಿಯ ಕಡೆಗೆ ದಕ್ಷಿಣಾಭಿಮುಖವಾಗಿ ಸಾಗುವ ಬೀದಿಯಲ್ಲಿ ಜಂಗಮವಾಡಿ, ಮದನಪುರ, ಸೋನಾರ್‌ಪುರ ಎಂಬ ಹೆಸರುಗಳು ಒಂದರ ಬೆನ್ನಿಗೊಂದು ಬರುತ್ತವೆ. ಮೊದಲನೆಯದು ವೀರಶೈವ ಪಂಚಪೀಠಗಳಲ್ಲೊಂದಾದ ಕಾಶೀಪೀಠದ ನೆಲೆ. ಕನ್ನಡ ಯಾತ್ರಿಕರಿಗೆ ಚಿರಪರಿಚಿತವಾದುದು. ಎರಡನೆಯದು ರೇಷ್ಮೆ ನೇಕಾರರ ಹಾಗೂ ಸೀರೆ ವ್ಯಾಪಾರಿಗಳ ಹಳೆಯ ಕೇರಿ. ಮೂರನೆಯ ಹೆಸರಿಗೆ ಅಕ್ಕಸಾಲಿಗರ ಪುರವೆಂದೇ ಅರ್ಥ. ಹೆಸರೊಂದನ್ನೇ ಆಧರಿಸಿ ಕೇರಿಯ ಚರಿತ್ರೆಯನ್ನು ಕಟ್ಟುವುದು ಸಾಹಸವೇ ಸರಿ. ಆದರೂ ನೇಯ್ಗೆ ಮತ್ತು ಹೊನ್ನಗೆಲಸಗಳ ಈ ನೆರೆಹೊರೆ ಗಮನಾರ್ಹವಾದುದು. ಬನಾರಸಿ ಸೀರೆಯ ಜರಿಯು ಈ ಎರಡು ಕಸುಬುಗಳು ಕೂಡಿದ ಫಲವಾಗಿದೆ.

ಬಳಸಿದ ವಸ್ತು ಕಸವಾಗಿ ಕೊನೆಗೊಳ್ಳದೆ ಮತ್ತೆ ಕಚ್ಚಾ ಪದಾರ್ಥವಾಗಿ ಹಿಂದಿರುಗುವ ಏರ್ಪಾಡನ್ನು ಇಂದು ವೃತ್ತಾಕಾರದ ಆರ್ಥಿಕತೆ ಎಂದು ಕರೆಯಲಾಗುತ್ತದೆ. ಇದಕ್ಕಾಗಿ ಏಷ್ಯಾ-ಪೆಸಿಫಿಕ್ ರಾಷ್ಟ್ರಗಳ ಪ್ರಾದೇಶಿಕ ವೇದಿಕೆಯೊಂದು 2009ರಲ್ಲಿ ಟೋಕಿಯೋದಲ್ಲಿ ಆರಂಭವಾಯಿತು. 2013ರಲ್ಲಿ ಹನೋಯ್ ಘೋಷಣೆಯೂ, 2025ರ ಮಾರ್ಚಿಯಲ್ಲಿ ಜೈಪುರ ಘೋಷಣೆಯೂ ಹೊರಬಿದ್ದವು. ರಾಷ್ಟ್ರಗಳ ನಡುವಣ ಸಹಕಾರಕ್ಕೆ ಘೋಷಣೆಗಳು ಬೇಕು, ನಿಜ. ಆದರೆ ದೇಶದೊಳಗೆಯೇ ಮೂರು ಪ್ರದೇಶಗಳು ಯಾವ ಕರಾರುಪತ್ರವೂ ಇಲ್ಲದೆ ಬಹುಕಾಲ ನಡೆಸಿಕೊಂಡು ಬಂದ ಒಂದು ವೃತ್ತವಿದೆ. ಅದು ಏಕೆ ನಡೆಯಿತು, ಎಲ್ಲಿ ತುಂಡಾಗುತ್ತಿದೆ ಎಂಬುದನ್ನು ಅರಿಯದೆ ಹೊಸ ಸಹಕಾರದ ಮಾತು ಪೊಳ್ಳಾದೀತು.

ಬನಾರಸಿನಲ್ಲಿ ನೇಯುವ ರೇಷ್ಮೆಯ ದೊಡ್ಡ ಪಾಲು ಬಹುಕಾಲದಿಂದ ಬೆಂಗಳೂರಿನ ಮಾರುಕಟ್ಟೆಯ ಮೂಲಕ ಹೋದದ್ದು. ರಾಮನಗರ, ಶಿಡ್ಲಘಟ್ಟಗಳ ಗೂಡು ಒಂದು ಕಿಲೋ ನೂಲಾಗಬೇಕಾದರೆ ಸುಮಾರು 6ರಿಂದ 8 ಕಿಲೋ ಬೇಕು. ಹಸಿ ಗೂಡಿನ ತೂಕದಲ್ಲಿ ಐದನೆಯ ನಾಲ್ಕು ಪಾಲು ಒಳಗಿನ ಹುಳುವಿನದೇ. ಆ ಹುಳುವಿನಿಂದ ಎಣ್ಣೆ ತೆಗೆಯುತ್ತಾರೆ. ಉಳಿದ ಹಿಂಡಿ ಕೋಳಿಗೂ ಮೀನಿಗೂ ಆಹಾರ. ಎಳೆ ತೆಗೆಯಲು ಬಾರದ ತುಣುಕು ರೇಷ್ಮೆಯನ್ನು ಹಿಂಜಿ ನೂಲುವುದಕ್ಕಾಗಿಯೇ ಮೈಸೂರು ಸಂಸ್ಥಾನದ ಕಾಲದಲ್ಲಿ ಚನ್ನಪಟ್ಟಣದ ಗಿರಣಿ ಹುಟ್ಟಿತು. ಹಿಪ್ಪುನೇರಳೆಯ ಕಡ್ಡಿ ಒಲೆಗೆ, ಹುಳುವಿನ ಹಿಕ್ಕೆ ಗೊಬ್ಬರದ ಗುಂಡಿಗೆ. ಇಷ್ಟರಮಟ್ಟಿಗೆ ವೃತ್ತವು ಊರಿನೊಳಗೆಯೇ ಪೂರ್ಣವಾಗುತ್ತದೆ.

ಜರಿಯ ವೃತ್ತ ಇದಕ್ಕಿಂತ ವಿಶಾಲವಾದುದು. ಜರತಾರಿ ಎಂಬ ಪದವೇ ಪಾರಸಿಯ ಹೊನ್ನು ಮತ್ತು ಎಳೆಗಳಿಂದಾದದ್ದು. ಬೆಳ್ಳಿಯ ತಂತಿಯನ್ನು ಕೂದಲಿನಂತೆ ಸಣ್ಣಗೆ ಎಳೆದು, ಚಪ್ಪಟೆಯಾಗಿಸಿ, ರೇಷ್ಮೆಯೆಳೆಗೆ ಸುತ್ತಿ, ಮೇಲೆ ಚಿನ್ನದ ಲೇಪ ಕೊಡುತ್ತಾರೆ. ಈ ಕಸುಬಿನ ಪ್ರಧಾನ ಕೇಂದ್ರ ಸೂರತ್. ಮೈಸೂರು ರೇಷ್ಮೆ ಸೀರೆಯ ಜರಿಯಲ್ಲಿ ಶೇಕಡಾ 65 ಬೆಳ್ಳಿಯೂ 0.65 ಚಿನ್ನವೂ ಇರುತ್ತವೆಂದು ಅದನ್ನು ತಯಾರಿಸುವ ಸರ್ಕಾರಿ ಉದ್ಯಮವೇ ಹೇಳಿಕೊಳ್ಳುತ್ತದೆ. ಸೀರೆ ಜೀರ್ಣವಾದರೂ ಲೋಹಕ್ಕೆ ಮುಪ್ಪಿಲ್ಲ. ಹಳೆಯ ಸೀರೆಯ ಅಂಚು ಸೆರಗುಗಳನ್ನು ಕೊಳ್ಳುವವನು ಮನೆಬಾಗಿಲಿಗೇ ಬರುತ್ತಿದ್ದನು. ಅದನ್ನು ಸುಟ್ಟು, ಬೂದಿಯನ್ನು ಬಿಳಿಗಾರದೊಡನೆ ಕರಗಿಸಿದರೆ ಲೋಹದ ಗುಂಡು ಸಿಗುತ್ತದೆ. ನೈಟ್ರಿಕ್ ಆಮ್ಲದಲ್ಲಿ ಬೆಳ್ಳಿ ಕರಗುತ್ತದೆ, ಚಿನ್ನ ತಳದಲ್ಲಿ ಕಪ್ಪು ಪುಡಿಯಾಗಿ ಉಳಿಯುತ್ತದೆ. ದ್ರಾವಣದಲ್ಲಿ ತಾಮ್ರದ ತಗಡನ್ನಿಟ್ಟರೆ ಬೆಳ್ಳಿಯೂ ಮರಳಿ ಕೂಡುತ್ತದೆ. ಹೀಗೆ ಬಂದ ಬೆಳ್ಳಿ ಮತ್ತೆ ತಂತಿಯಾಗಿ ಮಗ್ಗಕ್ಕೇ ಹೋಗಬಹುದು.

ಅಕ್ಕಸಾಲಿಗನ ಅಂಗಡಿಯ ಕಸಕ್ಕೂ ಇದೇ ನ್ಯಾಯ. ಆ ಧೂಳನ್ನೂ ಬೂದಿಯನ್ನೂ ತೊಳೆದು ಹೊನ್ನಿನ ಕಣ ಆಯುವವನಿಗೆ ಹಿಂದಿಯಲ್ಲಿ ‘ನ್ಯಾರಿಯಾ’ ಎಂದು ಹೆಸರು, ಬೇರ್ಪಡಿಸುವವನು ಎಂಬರ್ಥ. ಕನ್ನಡದಲ್ಲಿ ಅವನು ‘ಜಾಲಗಾರ’. ಧಾರವಾಡ ಸೀಮೆಯ ಜಾಲಗಾರರು ಅಂಗಡಿಯ ಧೂಳನ್ನಷ್ಟೇ ಅಲ್ಲ, ಡಂಬಳ-ಕಪ್ಪತಗುಡ್ಡದ ಹಳ್ಳಗಳ ಮರಳನ್ನೂ ಜಾಲಿಸುತ್ತಿದ್ದರೆಂಬುದು ಹತ್ತೊಂಬತ್ತನೆಯ ಶತಮಾನದ ಭೂವಿಜ್ಞಾನಿಗಳ ಬರಹಗಳಿಂದ ತಿಳಿಯುತ್ತದೆ. ನೆಲದ ಹೊನ್ನನ್ನೂ ಕಸದ ಹೊನ್ನನ್ನೂ ಒಂದೇ ಕ್ರಿಯಾಪದದಿಂದ ಹೇಳಿದ ಭಾಷೆಯ ವಿವೇಕ ಮೆಚ್ಚತಕ್ಕದ್ದು. ಈ ಶಬ್ದ ನಿಘಂಟಿನಲ್ಲಿ ಉಳಿದಿದೆ. ಕಸುಬಿನವನ ಶ್ವಾಸಕೋಶವನ್ನು ಕೆಡಿಸುವ ಆಮ್ಲದ ಕೆಂಪು ಹೊಗೆಯ ಲೆಕ್ಕ ಮಾತ್ರ ಎಲ್ಲಿಯೂ ದಾಖಲಾಗಲಿಲ್ಲ. ತಾಮ್ರ ಬೆರೆತ ಉಳಿಕೆ ನೀರೂ ಸೀದಾ ಚರಂಡಿಗೆ ಸೇರಿದರೆ, ವಾರಾಣಸಿಯಂತಹ ಊರಿನಲ್ಲಿ ಅದು ತಲುಪುವುದು ಗಂಗೆಯನ್ನೇ.

ಈ ವೃತ್ತವನ್ನು ತಿರುಗಿಸಿದ್ದು ಲೋಹದ ಬೆಲೆಯೇ ಹೊರತು ಸದುದ್ದೇಶವಲ್ಲ. ಬೆಲೆಯಿಲ್ಲದೆಡೆ ಅದು ನಿಂತುಹೋಯಿತು. ರೇಷ್ಮೆಯ ಕಚ್ಚಾ ಎಳೆಯಲ್ಲಿ ಸುಮಾರು ಕಾಲುಭಾಗ ಸೆರಿಸಿನ್ ಎಂಬ ಅಂಟು. ಸೋಪು-ಸೋಡಾದ ಕುದಿನೀರಿನಲ್ಲಿ ಅದು ಕಳಚಿ ಹೋಗುತ್ತದೆ. ಕಾಂತಿವರ್ಧಕಗಳಲ್ಲಿ ಬಳಕೆಯಾಗುವ ಈ ಪ್ರೋಟೀನನ್ನು ನೀರಿನಿಂದ ಮರಳಿ ಪಡೆಯಲು ಸಾಧ್ಯವಿದ್ದರೂ, ಚಿಕ್ಕ ಬಣ್ಣಗಾರನಿಗೆ ಆ ಉಪಕರಣದ ವೆಚ್ಚ ನಿಲುಕದು. ಇನ್ನು ಲೋಹದ ತೆಳು ಲೇಪವುಳ್ಳ ಪಾಲಿಯೆಸ್ಟರ್ ಜರಿ. ಸಾಮಾನ್ಯರ ಕೈಗೆಟುಕುವ ಸೀರೆ ಅದರಿಂದಲೇ ಸಾಧ್ಯವಾಯಿತು ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಅದನ್ನು ಸುಟ್ಟರೆ ಬೆಳ್ಳಿ ಬಾರದು, ವಿಷಹೊಗೆ ಬರುತ್ತದೆ. ಅಂತಹ ಸೀರೆಯನ್ನು ಕೇಳಿಕೊಂಡು ಯಾರೂ ಬಾಗಿಲಿಗೆ ಬರುವುದಿಲ್ಲ.

ಪ್ರದೇಶಗಳ ನಡುವಣ ಸಹಕಾರ ಬೇಕಾಗುವುದು ಇಲ್ಲಿಯೇ. ನೂಲು ಕಳುಹಿಸುವ ಕರ್ನಾಟಕ, ಜರಿ ಮಾಡುವ ಗುಜರಾತ್, ನೇಯುವ ಉತ್ತರಪ್ರದೇಶಗಳಲ್ಲಿ ಯಾವುದೊಂದೂ ಏಕಾಕಿಯಾಗಿ ಇದನ್ನು ಸರಿಪಡಿಸಲಾರದು. ಬನಾರಸಿ ಸೀರೆಗೆ 2009ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಸೂರತ್ತಿನ ಜರಿಗೂ, ಮೈಸೂರು ರೇಷ್ಮೆಗೂ ಅಂತಹ ಮಾನ್ಯತೆಯುಂಟು. ಇವೆಲ್ಲವೂ ವಸ್ತು ಎಲ್ಲಿ ಹುಟ್ಟಿತೆಂಬುದನ್ನು ಹೇಳುತ್ತವೆ, ಎಲ್ಲಿಗೆ ಮರಳಬೇಕೆಂಬುದನ್ನು ಹೇಳುವುದಿಲ್ಲ. ಮೈಸೂರಿನ ಸೀರೆಗೆ ಈಗಾಗಲೇ ಪ್ರತ್ಯೇಕ ಸಂಕೇತ ಸಂಖ್ಯೆಯಿದೆ. ಅದರೊಡನೆ ಜರಿಯಲ್ಲಿರುವ ಲೋಹದ ಪ್ರಮಾಣವನ್ನೂ ನಮೂದಿಸಿ, ಬನಾರಸಿ ಸೀರೆಗೂ ಆ ಕ್ರಮವನ್ನು ವಿಸ್ತರಿಸಿದರೆ ಹಳೆಯ ಸೀರೆ ಮಾರುವ ಗೃಹಿಣಿಗೆ ಮೋಸವಾಗದು. ಕರಗಿಸುವವನಿಗೆ ಪಾಲಿಯೆಸ್ಟರನ್ನು ಸುಡುವ ಪ್ರಮೇಯವೂ ಬಾರದು. ಆಮ್ಲದ ಹೊಗೆಯನ್ನು ಹಿಡಿದಿಡುವ ಸಾಮುದಾಯಿಕ ಕುಲುಮೆಯ ಖರ್ಚನ್ನು ಮೂರು ರಾಜ್ಯಗಳು ಯಾವ ಪ್ರಮಾಣದಲ್ಲಿ ಹಂಚಿಕೊಳ್ಳಬೇಕೆಂಬುದು ಅದಕ್ಕಿಂತ ಜಟಿಲವಾದ ಪ್ರಶ್ನೆ. ಲಾಭ ಸೂರತ್ತಿಗೂ ಹೊಗೆ ಕಾಶಿಗೂ ಸಲ್ಲುವಂತಾದರೆ ಯಾವ ಒಪ್ಪಂದವೂ ನಿಲ್ಲಲಾರದು.